ಕೆರೆಯಂಚಿನಲ್ಲಿ, ಕುದುರೆ ಲಾಯಗಳ ನೆರೆಯಲ್ಲಿ ರೆಸಾರ್ಟ್ ಹೋಟೆಲ್ ನಿರ್ಮಾಣ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ರಾಜ್ಯದ ಕೆರೆಗಳ ದಂಡೆಯಲ್ಲಿರುವ ಖಾಸಗಿ ಜಮೀನುಗಳಲ್ಲಿ ರೆಸಾರ್ಟ್ ಹೋಟೆಲ್ ನಿರ್ಮಿಸಲು ಅನುಮತಿ ಕೋರುವ ಸಾರ್ವಜನಿಕರು, ಸದರಿ ಜಮೀನಿನ ನೆರೆಯಲ್ಲಿ ಕುದುರೆ ಲಾಯಗಳು ಈಗಾಗಲೇ ಇದ್ದಲ್ಲಿ ಗಮನಿಸಬೇಕಾದ ವಿಷಯಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಕುದುರೆಗೆ ಧಾರಾಳ ನೀರು, ಹಸಿಹುಲ್ಲು ಮತ್ತು ತೆರೆದ ಬಯಲು ಬೇಕಾಗುವುದರಿಂದ ಲಾಯಗಳು ಕೆರೆಯ ಸಮೀಪದಲ್ಲಿ ಬೆಳೆದುಬಂದಿರುವುದು ಸಹಜ. ಟಿಪ್ಪು ಸುಲ್ತಾನನ ಅಶ್ವದಳದ ಕಾಲದೊಡನೆ ಹೆಸರು ಸೇರಿಕೊಂಡಿರುವ ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಇರುವುದೂ ದೊಡ್ಡ ಕೆರೆಯೊಂದಕ್ಕೆ ಹೆಸರಾದ ಊರಿನಲ್ಲಿಯೇ.

ಇಂತಹ ಪ್ರಸ್ತಾವನೆಗಳಲ್ಲಿ ನಕ್ಷೆಯನ್ನು ಸಾಮಾನ್ಯವಾಗಿ ಹೋಟೆಲ್ ಕಟ್ಟಡದಿಂದ ಆರಂಭಿಸಿ, ಉಳಿದ ಜಾಗದಲ್ಲಿ ಕೆರೆಗೆ ಬಿಡಬೇಕಾದ ಅಂತರವನ್ನೂ ನೆರೆಯವರಿಗೆ ಬಿಡಬೇಕಾದ ಅಂತರವನ್ನೂ ಹೊಂದಿಸಲು ಪ್ರಯತ್ನಿಸಲಾಗುತ್ತದೆ. ಇದು ತಿರುಗುಮುರುಗಾದ ಕ್ರಮ. ಕೆರೆ ಎಲ್ಲಕ್ಕಿಂತ ಮೊದಲಿನದು, ಲಾಯ ಅದರ ನಂತರದ್ದು, ಹೋಟೆಲ್ ಕೊನೆಯಲ್ಲಿ ಬರುವಂಥದ್ದು. ನಕ್ಷೆಯನ್ನೂ ಇದೇ ಅನುಕ್ರಮದಲ್ಲಿ ಸಿದ್ಧಪಡಿಸಿದಲ್ಲಿ ಅರ್ಜಿಯು ಅನಗತ್ಯವಾಗಿ ಹಿಂದಿರುಗುವುದು ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೋಟೆಲ್ ಆರಂಭವಾದ ಮೇಲೆ ಲಾಯದವರು ತಮ್ಮ ಜೀವನೋಪಾಯವನ್ನು ಉಳಿಸಿಕೊಳ್ಳಲು ಕಚೇರಿಯಿಂದ ಕಚೇರಿಗೆ ಅಲೆಯುವ ಪರಿಸ್ಥಿತಿ ಉಂಟಾಗುವುದಿಲ್ಲ.

ಜಮೀನಿನ ದಾಖಲೆಗಳು

ಅರ್ಜಿದಾರರು ಮೊದಲು ಪಹಣಿ, ಆಕಾರಬಂದ್, ಮೂಲ ಟಿಪ್ಪಣಿ ಮತ್ತು ಗ್ರಾಮನಕಾಶೆಯ ದೃಢೀಕೃತ ಪ್ರತಿಗಳನ್ನು ಪಡೆದು ಒಂದಕ್ಕೊಂದು ತಾಳೆ ನೋಡತಕ್ಕದ್ದು. ಪಹಣಿಯಲ್ಲಿ ಕಾಣುವ ಒಟ್ಟು ವಿಸ್ತೀರ್ಣದಲ್ಲಿ ಖರಾಬು ಭಾಗ ಸೇರಿರುವುದುಂಟು. ‘ಅ’ ಖರಾಬು ಸಾಗುವಳಿಗೆ ಯೋಗ್ಯವಲ್ಲದ ಭಾಗವಾಗಿದ್ದು ಹಿಡುವಳಿಯೊಳಗೇ ಸೇರಿರುತ್ತದೆ. ‘ಬ’ ಖರಾಬು ಹಳ್ಳ, ದಾರಿ, ಕಾಲುವೆ ಮೊದಲಾದ ಸಾರ್ವಜನಿಕ ಉಪಯೋಗದ್ದಾಗಿದ್ದು ಸರ್ಕಾರಕ್ಕೆ ಸೇರಿರುತ್ತದೆ. ಕೆರೆಗೆ ನೀರು ತರುವ ಹಳ್ಳವು ‘ಬ’ ಖರಾಬು ಎಂದು ದಾಖಲಾಗಿದ್ದಲ್ಲಿ, ಅದು ಹತ್ತು ವರ್ಷಗಳಿಂದ ಒಣಗಿದ್ದರೂ ಹಳ್ಳವೇ ಆಗಿರುತ್ತದೆ. ಅದನ್ನು ಮುಚ್ಚಿ ವಾಹನ ನಿಲುಗಡೆಗೆ ಬಳಸಲು ಅವಕಾಶವಿಲ್ಲ. ಕೆರೆ, ಹಳ್ಳ ಹಾಗೂ ಸಾರ್ವಜನಿಕ ದಾರಿಗಳು ಸರ್ಕಾರದ ಸ್ವತ್ತು ಎಂಬುದನ್ನು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಕಲಂ 67 ಸ್ಪಷ್ಟಪಡಿಸಿದೆ.

ಮೊಬೈಲ್ ದೂರವಾಣಿಯಲ್ಲಿ ‘ದಿಶಾಂಕ್’ ತಂತ್ರಾಂಶದ ಮೂಲಕ ಸರ್ವೆ ನಂಬರುಗಳ ಗಡಿಯನ್ನು ನೋಡುವ ಸೌಲಭ್ಯವಿರುವುದರಿಂದ ಅನೇಕರು ಅದನ್ನೇ ಅಂತಿಮವೆಂದು ಭಾವಿಸುತ್ತಾರೆ. ಮೊದಲ ನೋಟಕ್ಕೆ ಅದು ಬಹಳ ಉಪಯುಕ್ತ. ಆದರೆ ಭೂಮಾಪಕರು ಸ್ಥಳದಲ್ಲಿ ಅಳತೆ ಮಾಡಿ ಗಡಿಕಲ್ಲು ಗುರುತಿಸಿ ನೀಡುವ ಹದ್ದುಬಸ್ತು ನಕ್ಷೆಗೆ ಅದು ಪರ್ಯಾಯವಲ್ಲ.

ಜಮೀನು ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದದ್ದೇ ಎಂಬುದನ್ನು ಕಡ್ಡಾಯವಾಗಿ ಪರಿಶೀಲಿಸತಕ್ಕದ್ದು. ಇಂತಹ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಖರೀದಿಸಿದ್ದಲ್ಲಿ, 1978ರ ಕರ್ನಾಟಕ ಅನುಸೂಚಿತ ಜಾತಿಗಳ ಮತ್ತು ಅನುಸೂಚಿತ ಬುಡಕಟ್ಟುಗಳ ಕೆಲವು ಭೂಮಿಗಳ ವರ್ಗಾವಣೆ ನಿಷೇಧ ಅಧಿನಿಯಮದ ಮೇರೆಗೆ ಅದು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಹಿಂದಿರುಗುತ್ತದೆ. 2023ರ ತಿದ್ದುಪಡಿಯ ನಂತರ ಇಂತಹ ಕ್ಲೇಮಿಗೆ ಕಾಲಮಿತಿಯ ಅಡ್ಡಿಯೂ ಇಲ್ಲ. ಇಪ್ಪತ್ತು ವರ್ಷಗಳಲ್ಲಿ ಮೂವರು ಮಾಲೀಕರ ಕೈ ಬದಲಾಗಿದೆ ಎಂಬ ಕಾರಣದಿಂದ ಜಮೀನು ಶುದ್ಧವಾಗುವುದಿಲ್ಲ.

ಕೃಷಿ ಜಮೀನಾಗಿದ್ದಲ್ಲಿ ಭೂಕಂದಾಯ ಅಧಿನಿಯಮದ ಕಲಂ 95ರಡಿ ವಾಣಿಜ್ಯ ಉದ್ದೇಶಕ್ಕೆ ಭೂಪರಿವರ್ತನೆ ಪಡೆಯಬೇಕಾಗುತ್ತದೆ. ಸ್ಥಳೀಯ ಯೋಜನಾ ಪ್ರದೇಶದ ವ್ಯಾಪ್ತಿಯಲ್ಲಿದ್ದಲ್ಲಿ, 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಡಿ ಸಿದ್ಧವಾದ ಮಹಾಯೋಜನೆಯಲ್ಲಿ ಆ ಜಾಗಕ್ಕೆ ಯಾವ ಉಪಯೋಗವನ್ನು ತೋರಿಸಲಾಗಿದೆ ಎಂಬುದನ್ನು ಮೊದಲು ನೋಡತಕ್ಕದ್ದು. ಉದ್ಯಾನ ಅಥವಾ ಹಸಿರು ವಲಯವೆಂದು ಗುರುತಿಸಿದ ಜಾಗದಲ್ಲಿ ಭೂಪರಿವರ್ತನೆಯೊಂದರಿಂದಲೇ ಹೋಟೆಲ್ ಕಟ್ಟುವ ಹಕ್ಕು ಬರುವುದಿಲ್ಲ.

ಕೆರೆಯ ಗಡಿ ಮತ್ತು ಬಿಡಬೇಕಾದ ಅಂತರ

ಕೆರೆಯ ಗಡಿಯೆಂದರೆ ಇಂದು ನೀರು ನಿಂತಿರುವ ಅಂಚು ಅಲ್ಲ. ಕೋಡಿಯ ಮಟ್ಟಕ್ಕೆ ನೀರು ತುಂಬಿದಾಗ ಮುಳುಗಡೆಯಾಗುವ ಪ್ರದೇಶವೆಲ್ಲವೂ ಕೆರೆಯ ಅಂಗಳವೇ ಆಗಿದೆ. ಮಳೆಯಿಲ್ಲದ ಮೂರು ವರ್ಷಗಳ ಕೊನೆಯಲ್ಲಿ ಕೆರೆಯನ್ನು ನೋಡಿ ನಕ್ಷೆ ಬರೆಸಿದವರ ಕಟ್ಟಡ, ಕೆರೆ ಕೋಡಿ ಬಿದ್ದ ವರ್ಷ ನೀರಿನಲ್ಲಿ ನಿಲ್ಲುತ್ತದೆ. 2022ರ ಆಗಸ್ಟ್ ತಿಂಗಳ ಕೊನೆಯಲ್ಲಿ ರಾಮನಗರ ಭಾಗದ ಕೆರೆಗಳು ತುಂಬಿ ಹರಿದು ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ವಾಹನಗಳು ಮುಳುಗಿದ್ದು ಎಲ್ಲರಿಗೂ ತಿಳಿದ ಸಂಗತಿ. ಆದ್ದರಿಂದ ಕೋಡಿಯ ಮಟ್ಟವನ್ನು ಆಧಾರವಾಗಿಟ್ಟುಕೊಂಡು ಜಮೀನಿನ ಎತ್ತರದ ಅಳತೆ ಮಾಡಿಸಿ, ಆ ಗೆರೆಯನ್ನು ನಕ್ಷೆಯಲ್ಲಿ ಮೊಟ್ಟಮೊದಲು ಎಳೆಸತಕ್ಕದ್ದು. ಏರಿಯ ಬುಡದ ಕೆಳಭಾಗದಲ್ಲಿರುವ ಜಮೀನಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅಲ್ಲಿ ತೂಬಿನ ಕಾಲುವೆಗಳೂ ಅಚ್ಚುಕಟ್ಟುದಾರರ ಹಕ್ಕುಗಳೂ ಇರುತ್ತವೆ.

ಗಡಿಯಿಂದ ಎಷ್ಟು ಅಂತರ ಬಿಡಬೇಕೆಂಬ ವಿಷಯದಲ್ಲಿ ಸಾರ್ವಜನಿಕರಲ್ಲಿ ಗೊಂದಲವಿದೆ. ಅದಕ್ಕೆ ಕಾರಣವೂ ಇದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಅಂತರವನ್ನು ವಿಧಿಸಿತು. ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚ್ 5ರಂದು ಆ ನಿರ್ದೇಶನವನ್ನು ರದ್ದುಪಡಿಸಿದ್ದರಿಂದ, ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರಲ್ಲಿದ್ದ 30 ಮೀಟರ್ ಅಂತರವು ಮತ್ತೆ ಊರ್ಜಿತವಾಯಿತು. ರಾಜ್ಯದ ಇತರ ಕೆರೆಗಳ ವಿಷಯದಲ್ಲಿ, 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಅಧಿನಿಯಮವು ಕೆರೆಯ ಗಡಿಯಿಂದ 30 ಮೀಟರ್ ಒಳಗೆ ವಾಣಿಜ್ಯ, ಮನರಂಜನೆ ಅಥವಾ ಕೈಗಾರಿಕೆಯ ಕಟ್ಟಡಗಳನ್ನು ನಿರ್ಮಿಸದಂತೆ ನಿಷೇಧಿಸಿತು. ಕೆರೆಯ ವಿಸ್ತೀರ್ಣಕ್ಕೆ ಅನುಗುಣವಾಗಿ ಈ ಅಂತರವನ್ನು ಬದಲಿಸುವ ತಿದ್ದುಪಡಿ ಮಸೂದೆಯನ್ನು 2025ರಲ್ಲಿ ವಿಧಾನಮಂಡಲದ ಮುಂದೆ ತರಲಾಯಿತು. ಆದುದರಿಂದ ನಕ್ಷೆ ಸಿದ್ಧಪಡಿಸುವ ದಿನದಂದು ತಮ್ಮ ಕೆರೆಗೆ ಅನ್ವಯವಾಗುವ ಅಂತರವನ್ನು ಪ್ರಾಧಿಕಾರದಿಂದ ಲಿಖಿತವಾಗಿ ಪಡೆದು ಅರ್ಜಿಯೊಂದಿಗೆ ಲಗತ್ತಿಸುವುದು ಸೂಕ್ತ. ಮಧ್ಯವರ್ತಿಗಳ ಬಾಯಿಮಾತನ್ನು ಅವಲಂಬಿಸಬಾರದು.

ಇದರೊಂದಿಗೆ 2017ರ ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳನ್ನೂ ನೋಡಬೇಕು. ಈ ನಿಯಮಗಳ ವ್ಯಾಪ್ತಿಗೆ ಬರುವ ಜಲಕಾಯಗಳಲ್ಲಿ, ಹಿಂದಿನ ಹತ್ತು ವರ್ಷಗಳ ಸರಾಸರಿ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ದೋಣಿ ಕಟ್ಟೆಯ ಹೊರತಾಗಿ ಯಾವುದೇ ಶಾಶ್ವತ ಕಟ್ಟಡಕ್ಕೆ ಅವಕಾಶವಿಲ್ಲ. ನೀರಾವರಿಗಾಗಿ ಅಥವಾ ಕುಡಿಯುವ ನೀರಿಗಾಗಿಯೇ ಮಾನವನಿರ್ಮಿತವಾದ ಕೆರೆಗಳನ್ನು ನಿಯಮದ ವ್ಯಾಖ್ಯಾನದಿಂದ ಹೊರಗಿಡಲಾಗಿದೆಯೆಂದು ಕೆಲವು ಅರ್ಜಿದಾರರು ವಾದಿಸುತ್ತಾರೆ. ವ್ಯಾಖ್ಯಾನದಲ್ಲಿ ಹಾಗಿರುವುದು ನಿಜ. ಆದರೆ ದೇಶದ 2,01,503 ಜೌಗು ಪ್ರದೇಶಗಳನ್ನು 2010ರ ನಿಯಮಗಳ 4ನೇ ನಿಯಮದ ತತ್ತ್ವಗಳಂತೆ ಕಾಪಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಫೆಬ್ರವರಿಯಲ್ಲಿ ನಿರ್ದೇಶಿಸಿದ್ದು, ತಮ್ಮ ಕೆರೆ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ತಿಳಿದುಕೊಳ್ಳದೆ ಈ ವಾದವನ್ನು ಮುಂದಿಡುವುದರಿಂದ ಪ್ರಯೋಜನವಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಮಾನವನಿರ್ಮಿತ ಕೆರೆಗಳೇ ಆಗಿದ್ದರೂ, ಹಕ್ಕಿಗಳ ನೆಲೆಯಾಗಿರುವ ಕಾರಣ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದವು.

ಈಗಾಗಲೇ ಇರುವ ಲಾಯಗಳು

ಈ ಭಾಗವನ್ನು ಅರ್ಜಿದಾರರು ವಿಶೇಷ ಗಮನವಿಟ್ಟು ಓದತಕ್ಕದ್ದು. ನಕ್ಷೆಯಲ್ಲಿ ನೆರೆಯ ಲಾಯವನ್ನು ‘ಖಾಸಗಿ ಸ್ವತ್ತು’ ಎಂದಷ್ಟೇ ಬರೆದು ಬಿಡುವ ರೂಢಿ ಇದೆ. ಲಾಯವಿದ್ದಲ್ಲಿ ಲಾಯವೆಂದೇ ಬರೆಯಿಸಿ, ಕುದುರೆಗಳ ಸಂಖ್ಯೆ, ಲದ್ದಿಯ ಗುಂಡಿ, ಹುಲ್ಲಿನ ಬಣವೆ, ಕುದುರೆಗಳನ್ನು ನಡೆಸುವ ಹಾದಿ ಮತ್ತು ನೀರು ಕುಡಿಸುವ ಸ್ಥಳಗಳನ್ನು ಗುರುತಿಸತಕ್ಕದ್ದು.

ನೆರೆಹೊರೆಯ ಉಪದ್ರವದ ಕಾನೂನಿನಲ್ಲಿ ‘ನಾವು ಮೊದಲೇ ಇದ್ದೆವು’ ಎಂಬ ಮಾತು ಲಾಯದವರಿಗೆ ಪೂರ್ಣ ರಕ್ಷಣೆ ನೀಡುವುದಿಲ್ಲ. ಹೊಸದಾಗಿ ಬಂದವರೂ ವಾಸನೆ, ನೊಣ ಅಥವಾ ಶಬ್ದದ ಬಗ್ಗೆ ದೂರು ಸಲ್ಲಿಸಬಹುದು. ಸಾರ್ವಜನಿಕ ಉಪದ್ರವವೆಂದು ಕಂಡುಬಂದಲ್ಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಅದನ್ನು ನಿವಾರಿಸಲು ಆದೇಶಿಸಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 133ರಲ್ಲಿದ್ದ ಈ ಅಧಿಕಾರವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಲ್ಲಿದೆ. ಹೀಗಾಗಿ ಎರಡು ತಲೆಮಾರಿನಿಂದ ಕುದುರೆ ಸಾಕಿಕೊಂಡು ಬಂದ ಕುಟುಂಬವೊಂದು, ಪಕ್ಕದಲ್ಲಿ ಹೋಟೆಲ್ ಆರಂಭವಾದ ಕೆಲವೇ ತಿಂಗಳುಗಳಲ್ಲಿ ಆರೋಪಿತ ಸ್ಥಾನದಲ್ಲಿ ನಿಲ್ಲಬೇಕಾಗಿ ಬರಬಹುದು. ಹೋಟೆಲ್‌ನ ಮೇಲೆ ಹಣ ಹೂಡಿದ ಮೇಲೆ ಯಾರೂ ಹಿಂದೆ ಸರಿಯಲಾರರು. ಎರಡೂ ಕಡೆಯವರಿಗೆ ನ್ಯಾಯ ಒದಗಿಸಲು ಸಾಧ್ಯವಿರುವ ಹಂತ ನಕ್ಷೆಯ ಹಂತವೊಂದೇ. ಆದ್ದರಿಂದ ನಡುವೆ ಬಿಡಬೇಕಾದ ಜಾಗವನ್ನು ಹೊಸದಾಗಿ ಬರುವವರು ತಮ್ಮ ಜಮೀನಿನಲ್ಲಿಯೇ ಬಿಡುವುದು ನ್ಯಾಯೋಚಿತ.

ಆ ಜಾಗ ಎಷ್ಟಿರಬೇಕು? ಇಷ್ಟು ಮೀಟರ್ ಎಂಬ ಒಂದೇ ಅಳತೆಯಿಂದ ಈ ಸಮಸ್ಯೆ ಬಗೆಹರಿಯುವುದಿಲ್ಲ. ದೂರಕ್ಕಿಂತ ದಿಕ್ಕು ಮುಖ್ಯ. ದಕ್ಷಿಣ ಕರ್ನಾಟಕದ ಬಯಲು ಪ್ರದೇಶದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯು ಬಹುತೇಕ ಪಶ್ಚಿಮ ಮತ್ತು ನೈಋತ್ಯದಿಂದಲೂ, ಚಳಿಗಾಲದಲ್ಲಿ ಪೂರ್ವ ಮತ್ತು ಈಶಾನ್ಯದಿಂದಲೂ ಬೀಸುತ್ತದೆ. ಲಾಯದ ನೇರ ಪೂರ್ವಕ್ಕೆ ಕೊಠಡಿಗಳನ್ನು ಇಟ್ಟಲ್ಲಿ ಮಳೆಗಾಲವಿಡೀ ವಾಸನೆ ಅತ್ತಲೇ ಹೋಗುತ್ತದೆ. ನೇರ ಪಶ್ಚಿಮಕ್ಕೆ ಇಟ್ಟಲ್ಲಿ ಪ್ರವಾಸಿಗರು ಹೆಚ್ಚಾಗಿ ಬರುವ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ತೊಂದರೆಯಾಗುತ್ತದೆ. ಕೊಠಡಿಗಳನ್ನು ಲಾಯದ ಉತ್ತರ ಅಥವಾ ದಕ್ಷಿಣಕ್ಕೆ ಸರಿಸಿ, ವಾಹನ ನಿಲುಗಡೆ, ಉಗ್ರಾಣ, ನೀರಿನ ತೊಟ್ಟಿ ಮುಂತಾದವುಗಳನ್ನು ಲಾಯದ ಕಡೆಗೆ ಇಡುವುದರಿಂದ ಯಾವುದೇ ಹೆಚ್ಚುವರಿ ವೆಚ್ಚವಿಲ್ಲದೆ ಅರ್ಧದಷ್ಟು ದೂರುಗಳು ಹುಟ್ಟುವುದೇ ಇಲ್ಲ.

ಲದ್ದಿ ಮತ್ತು ನೊಣ: ಸುಮಾರು 450 ಕಿಲೋ ತೂಕದ ಒಂದು ಕುದುರೆಯಿಂದ ದಿನಕ್ಕೆ ಸುಮಾರು 23 ಕಿಲೋ ಲದ್ದಿ ಮತ್ತು ಮೂತ್ರ ಬರುತ್ತದೆ. 12 ಕುದುರೆಗಳ ಲಾಯವೊಂದರಲ್ಲಿ ಇದು ದಿನಕ್ಕೆ 276 ಕಿಲೋ, ವರ್ಷಕ್ಕೆ ಸುಮಾರು 100 ಟನ್ ಆಗುತ್ತದೆ. ಕೆಳಗೆ ಹಾಸುವ ಹುಲ್ಲು, ಹೊಟ್ಟುಗಳ ತೂಕ ಬೇರೆ. ಮನೆನೊಣವು ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಪೂರ್ಣ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೆ ಎರಡು ಬಾರಿ ಲದ್ದಿಯನ್ನು ಸಾಗಿಸಿದಲ್ಲಿ ಈ ಚಕ್ರ ಮುರಿಯುತ್ತದೆ; ಹದಿನೈದು ದಿನಕ್ಕೊಮ್ಮೆ ಸಾಗಿಸಿದಲ್ಲಿ ಮುರಿಯುವುದಿಲ್ಲ. ಹೋಟೆಲ್‌ನವರು ಎತ್ತರದ ಗೋಡೆ ಕಟ್ಟಿ ಸುಮ್ಮನಾಗುವುದಕ್ಕಿಂತ, ಲಾಯದ ಲದ್ದಿಯನ್ನು ಪಡೆದು ತಮ್ಮ ತೋಟಕ್ಕೆ ಗೊಬ್ಬರ ಮಾಡಿಕೊಳ್ಳುವ ಅಥವಾ ಅಣಬೆ ಬೆಳೆಗಾರರಿಗೆ ತಲುಪಿಸುವ ವ್ಯವಸ್ಥೆಯನ್ನು ಯೋಜನೆಯಲ್ಲಿಯೇ ಸೇರಿಸುವುದು ಉಭಯತ್ರರಿಗೂ ಲಾಭದಾಯಕ. ನೊಣಕ್ಕೆ ಗೋಡೆಯ ಎತ್ತರ ಲೆಕ್ಕವಿಲ್ಲ.

ಶಬ್ದ ಮತ್ತು ಬೆಳಕು: ಕುದುರೆ ಬೆದರಿ ಓಡುವ ಸ್ವಭಾವದ ಪ್ರಾಣಿ. ಮನುಷ್ಯರ ಕಿವಿಗೆ ಕೇಳದ ಉಚ್ಚ ಧ್ವನಿಗಳೂ ಅದಕ್ಕೆ ಕೇಳಿಸುತ್ತವೆ. ಮದುವೆ ಸಮಾರಂಭದ ಪಟಾಕಿ, ವಾದ್ಯ, ಛಾಯಾಗ್ರಹಣಕ್ಕೆ ಹಾರಿಸುವ ಡ್ರೋನ್‌ಗಳಿಂದ ಬೆದರಿದ ಕುದುರೆಯು ಕಟ್ಟಿದ ಹಗ್ಗ ಕಿತ್ತುಕೊಂಡು ಕಾಲು ಮುರಿದುಕೊಳ್ಳಬಹುದು ಅಥವಾ ಕೆಲಸಗಾರರನ್ನು ತುಳಿಯಬಹುದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲವಾದರೂ, ಸಂಜೆ ಏಳರ ಪಟಾಕಿಗೂ ಕುದುರೆ ಅಷ್ಟೇ ಬೆದರುತ್ತದೆ. ಆದುದರಿಂದ ಸಮಾರಂಭದ ಹುಲ್ಲುಹಾಸನ್ನು ಲಾಯದಿಂದ ಅತಿ ದೂರದ ಮೂಲೆಯಲ್ಲಿ ತೋರಿಸತಕ್ಕದ್ದು. ತಳಿ ಸಾಕುವ ಲಾಯವಾಗಿದ್ದಲ್ಲಿ ರಾತ್ರಿ ದೀಪಗಳ ವಿಷಯವೂ ಬರುತ್ತದೆ. ಹೆಣ್ಣು ಕುದುರೆಗಳು ಬೆದೆಗೆ ಬರುವುದು ಹಗಲಿನ ಉದ್ದವನ್ನು ಅವಲಂಬಿಸಿರುವುದರಿಂದ, ರಾತ್ರಿಯಿಡೀ ಬೀಳುವ ಪ್ರಖರ ಬೆಳಕು ಆ ಲೆಕ್ಕವನ್ನು ಕೆಡಿಸುತ್ತದೆ. ದೀಪಗಳಿಗೆ ಮರೆ ಹಾಕಿ ನೆಲದ ಕಡೆಗೆ ತಿರುಗಿಸಿದಲ್ಲಿ ಸಾಕು. ಕೆರೆಯ ಹಕ್ಕಿಗಳಿಗೂ ಅದು ಒಳ್ಳೆಯದು.

ಬೆಂಕಿ: ಲಾಯವೆಂದರೆ ಒಣಹುಲ್ಲಿನ ಸಂಗ್ರಹವೂ ಹೌದು. ಹೋಟೆಲ್‌ನ ಅಡುಗೆಮನೆಯ ಹೊಗೆ ಕೊಳವೆ, ಅತಿಥಿಗಳಿಗಾಗಿ ಹಾಕುವ ಶಿಬಿರಾಗ್ನಿ, ಜನರೇಟರ್ ಕೊಠಡಿ ಇವು ಬಣವೆಯಿಂದ ಗಾಳಿಯ ಮೇಲ್ಭಾಗದಲ್ಲಿ ಇರಬಾರದು. ಅಗ್ನಿಶಾಮಕ ವಾಹನವು ಹೋಟೆಲ್‌ನ ರಸ್ತೆಯ ಮೂಲಕ ಲಾಯವನ್ನೂ ತಲುಪುವಂತೆ ದ್ವಾರವೊಂದನ್ನು ಇಡುವುದು ಅಪೇಕ್ಷಣೀಯ. ಕಟ್ಟಿಹಾಕಿದ ಪ್ರಾಣಿಗಳು ತಾವಾಗಿ ಹೊರಬರಲಾರವು.

ನೀರಿನ ಹಾದಿ: ಕುದುರೆಯೊಂದಕ್ಕೆ ದಿನಕ್ಕೆ 25ರಿಂದ 45 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಲಾಯದವರು ಬಹುಕಾಲದಿಂದ ಕುದುರೆಗಳನ್ನು ಕೆರೆಗೆ ಕರೆದೊಯ್ಯುತ್ತಿರುವ ಹಾದಿಯು ಅರ್ಜಿದಾರರ ಜಮೀನಿನ ಮೂಲಕ ಹೋಗುತ್ತಿದ್ದಲ್ಲಿ, ದಾಖಲೆಯಲ್ಲಿ ಕಾಣದಿದ್ದರೂ ಅದಕ್ಕೆ ಹಕ್ಕು ಹುಟ್ಟಿರುವ ಸಾಧ್ಯತೆ ಇದೆ. ಅಡೆತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ 20 ವರ್ಷ ಬಳಸಿದ ಹಾದಿಗೆ ಅನುಭೋಗದ ಹಕ್ಕು ದೊರೆಯುತ್ತದೆಂಬುದು 1882ರ ಭಾರತೀಯ ಅನುಭೋಗ ಹಕ್ಕುಗಳ ಅಧಿನಿಯಮದ ತತ್ತ್ವ. ಬೇಲಿ ಹಾಕಿ ನಂತರ ವ್ಯಾಜ್ಯ ಎದುರಿಸುವ ಬದಲು, ಆ ಹಾದಿಯನ್ನು ನಕ್ಷೆಯಲ್ಲಿ ಉಳಿಸಿಕೊಳ್ಳುವುದು ಅಥವಾ ಲಾಯಕ್ಕೆ ತೊಟ್ಟಿಯ ಮೂಲಕ ನೀರು ಒದಗಿಸುವ ಒಪ್ಪಂದ ಮಾಡಿಕೊಳ್ಳುವುದು ಲೇಸು. ಎರಡನೆಯ ಕ್ರಮದಿಂದ ಕೆರೆಯ ಅಂಚಿನಲ್ಲಿ ಲದ್ದಿ ಬೀಳುವುದೂ ತಪ್ಪುತ್ತದೆ.

ಮೇಲಿನ ಎಲ್ಲ ವಿಷಯಗಳ ಬಗ್ಗೆ ಲಾಯದ ಮಾಲೀಕರೊಡನೆ ಮಾತುಕತೆ ನಡೆಸಿ ಲಿಖಿತ ಒಡಂಬಡಿಕೆ ಮಾಡಿಕೊಂಡು ನೋಂದಾಯಿಸುವುದು ಉತ್ತಮ. ಮಾಲೀಕರು ಬೇರೆ, ಲಾಯವನ್ನು ಗುತ್ತಿಗೆಗೆ ಪಡೆದು ನಡೆಸುವವರು ಬೇರೆ ಆಗಿದ್ದಲ್ಲಿ ಇಬ್ಬರನ್ನೂ ಸೇರಿಸಿಕೊಳ್ಳತಕ್ಕದ್ದು. ನೆರೆಯಲ್ಲಿ ಲಾಯವಿದೆ ಎಂಬುದನ್ನು ಅತಿಥಿಗಳಿಗೆ ಕೊಠಡಿ ಕಾಯ್ದಿರಿಸುವಾಗಲೇ ತಿಳಿಸಬೇಕು. ಜಾಹೀರಾತಿನ ಚಿತ್ರಗಳಲ್ಲಿ ನೆರೆಯವರ ಕುದುರೆಗಳನ್ನು ತೋರಿಸಿ, ಲದ್ದಿಯ ಬಗ್ಗೆ ಮಾತ್ರ ದೂರು ಬರೆಯುವುದು ಸರಿಯಾದ ನಡವಳಿಕೆಯಲ್ಲ.

ತ್ಯಾಜ್ಯನೀರು

ಕೆರೆಯ ದೃಷ್ಟಿಯಿಂದ ನೋಡಿದಾಗ ಲಾಯಕ್ಕಿಂತ ಹೋಟೆಲ್ ದೊಡ್ಡ ನೆರೆಯವನು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕದಂತೆ ಸಾಧಾರಣ ದರ್ಜೆಯ ಹೋಟೆಲ್‌ನಲ್ಲಿ ಪ್ರತಿ ಹಾಸಿಗೆಗೆ ದಿನಕ್ಕೆ 180 ಲೀಟರ್ ಹಾಗೂ ಪಂಚತಾರಾ ದರ್ಜೆಯಲ್ಲಿ 320 ಲೀಟರ್ ನೀರು ಬೇಕು. 40 ಕೊಠಡಿ, 80 ಹಾಸಿಗೆಗಳ ಸಾಧಾರಣ ರೆಸಾರ್ಟ್‌ಗೆ ದಿನಕ್ಕೆ 14,400 ಲೀಟರ್ ನೀರು ಬೇಕಾಗಿದ್ದು, ಅದರಲ್ಲಿ ಶೇಕಡ 80ರಷ್ಟು, ಅಂದರೆ 11,500 ಲೀಟರ್‌ಗೂ ಹೆಚ್ಚು ಕೊಳಚೆ ನೀರಾಗಿ ಹೊರಬರುತ್ತದೆ. ಈಜುಕೊಳ, ಬಟ್ಟೆ ಒಗೆಯುವ ಘಟಕ ಮತ್ತು ಸಮಾರಂಭಗಳ ಅಡುಗೆಮನೆಯ ನೀರು ಇದರ ಮೇಲೆ ಸೇರುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿಯಾಗಿ ಸತ್ತು ತೇಲಿದ್ದು, ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ಬೆಂಕಿಯೂ ಕಾಣಿಸಿಕೊಂಡಿದ್ದು ಕೊಳಚೆ ನೀರು ಕೆರೆಯನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ನಿದರ್ಶನ. ಸಾರಜನಕ ಮತ್ತು ರಂಜಕ ಹೆಚ್ಚಾದ ನೀರಿನಲ್ಲಿ ಪಾಚಿ ಮತ್ತು ಅಂತರಗಂಗೆ ಬೆಳೆದು, ಆಮ್ಲಜನಕ ಕುಗ್ಗುತ್ತದೆ. ಆಗ ‘ಕೆರೆಯ ನೋಟ’ವೆಂದು ಮಾರಿದ ಕೊಠಡಿಗೆ ಬೆಲೆ ಇರುವುದಿಲ್ಲ.

1974ರ ಜಲಮಾಲಿನ್ಯ ನಿಯಂತ್ರಣ ಅಧಿನಿಯಮದ ಮೇರೆಗೆ ಕಟ್ಟಡ ಆರಂಭಿಸುವ ಮೊದಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನಾ ಸಮ್ಮತಿಯನ್ನೂ, ಹೋಟೆಲ್ ತೆರೆಯುವ ಮೊದಲು ಕಾರ್ಯಾಚರಣೆಯ ಸಮ್ಮತಿಯನ್ನೂ ಪಡೆಯತಕ್ಕದ್ದು. ಒಟ್ಟು ನಿರ್ಮಾಣ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದಲ್ಲಿ 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯಡಿ ಪೂರ್ವ ಪರಿಸರ ಅನುಮತಿ ಬೇಕು. ಶುದ್ಧೀಕರಣ ಘಟಕವನ್ನು ಕೆರೆಯ ಕಡೆಗಿನ ತಗ್ಗಿನಲ್ಲಿ ಇಡುವುದು ಕೊಳವೆಯ ಖರ್ಚಿಗೆ ಅನುಕೂಲವಾದರೂ, ವಿದ್ಯುತ್ ಕೈಕೊಟ್ಟ ದಿನ ಅದರ ನೀರು ನೇರ ಕೆರೆಗೆ ಹರಿಯುತ್ತದೆ ಎಂಬುದನ್ನು ಮರೆಯಬಾರದು. ಲಾಯದ ಮಳೆನೀರು ಲದ್ದಿಯ ಗುಂಡಿಯ ಮೂಲಕ ಹಾದು ಕೆರೆಗೆ ಇಳಿಯುತ್ತಿದ್ದಲ್ಲಿ, ಎರಡೂ ಜಮೀನುಗಳಿಗೆ ಸೇರಿದಂತೆ ಒಂದೇ ಬದುವನ್ನೂ ಹುಲ್ಲಿನ ಪಟ್ಟಿಯನ್ನೂ ನಿರ್ಮಿಸುವುದು ಪ್ರತ್ಯೇಕ ವ್ಯವಸ್ಥೆಗಿಂತ ಅಗ್ಗ.

ಕುದುರೆಗಳ ಆರೋಗ್ಯ ಮತ್ತು ಅತಿಥಿಗಳ ಸವಾರಿ

ಹೋಟೆಲ್‌ನವರು ಲಾಯದವರೊಡನೆ ಸೇರಿ ಅತಿಥಿಗಳಿಗೆ ಕುದುರೆ ಸವಾರಿ ಏರ್ಪಡಿಸಲು ಬಯಸುವುದುಂಟು. ಹಾಗಿದ್ದಲ್ಲಿ ಸ್ಥಳೀಯ ಪಶುವೈದ್ಯಾಧಿಕಾರಿಗಳನ್ನು ಯೋಜನೆಯ ಹಂತದಲ್ಲಿಯೇ ಸಂಪರ್ಕಿಸತಕ್ಕದ್ದು. ಕುದುರೆ, ಕತ್ತೆ ಮತ್ತು ಹೇಸರಗತ್ತೆಗಳಿಗೆ ಬರುವ ಗ್ಲ್ಯಾಂಡರ್ಸ್ ರೋಗವು ಮನುಷ್ಯರಿಗೂ ತಗುಲಬಲ್ಲದು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಅಧಿನಿಯಮದಡಿ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಗಿದ್ದು, ದೃಢಪಟ್ಟಲ್ಲಿ ಸುತ್ತಲಿನ ಪ್ರದೇಶದಲ್ಲಿ ಕುದುರೆಗಳ ಸಾಗಾಣಿಕೆಯನ್ನೇ ನಿರ್ಬಂಧಿಸಲಾಗುತ್ತದೆ. ಇದಲ್ಲದೆ ಕೆರೆಯಂಚಿನ ಹಸಿ ಮಣ್ಣಿನಲ್ಲಿ ಬೆಳೆಯುವ ಕುದುರೆನೊಣಗಳು ಸರ್ರಾ ರೋಗವನ್ನು ಹರಡುತ್ತವೆ. ಲಾಯದ ಮಣ್ಣಿನಲ್ಲಿ ಧನುರ್ವಾಯುವಿನ ಸೂಕ್ಷ್ಮಾಣುಗಳು ಸಾಮಾನ್ಯವಾಗಿರುವುದರಿಂದ ಲಾಯದ ಹಾಗೂ ಹೋಟೆಲ್‌ನ ಸಿಬ್ಬಂದಿಗೆ ಚುಚ್ಚುಮದ್ದು ಹಾಕಿಸುವುದು ಅವಶ್ಯಕ.

ಸಾರೋಟು ಅಥವಾ ಜಟಕಾ ಓಡಿಸುವುದಾದಲ್ಲಿ 1965ರ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮಗಳು ಅನ್ವಯಿಸುತ್ತವೆ. ಅದರಂತೆ ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಸತತ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಸ್ಥಳಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದು.

ಅರ್ಜಿ ಸಲ್ಲಿಸುವ ಕ್ರಮ

ಮೊದಲು ಹದ್ದುಬಸ್ತು ನಕ್ಷೆ ಮತ್ತು ಕೆರೆಯ ಅಂತರದ ಲಿಖಿತ ದೃಢೀಕರಣ. ಆ ನಂತರ ಭೂಪರಿವರ್ತನೆ ಅಥವಾ ಭೂ ಉಪಯೋಗದ ಬದಲಾವಣೆ. ಅದಾದ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. ಕೊನೆಯಲ್ಲಿ ಕಟ್ಟಡ ಪರವಾನಗಿ ಎಂಬ ಅನುಕ್ರಮವನ್ನು ಪಾಲಿಸುವುದು ಸೂಕ್ತ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಡ ಪರವಾನಗಿಯನ್ನು 1993ರ ಪಂಚಾಯತ್ ರಾಜ್ ಅಧಿನಿಯಮದ ಕಲಂ 64ರ ಮೇರೆಗೆ ಪಡೆಯತಕ್ಕದ್ದು. ಪಂಚಾಯಿತಿಯ ಪರವಾನಗಿ ಮೊದಲು ದೊರೆತಿದೆ ಎಂಬ ಕಾರಣಕ್ಕೆ ಉಳಿದ ಅನುಮತಿಗಳು ತಾವಾಗಿ ದೊರೆಯುವುದಿಲ್ಲ. ಕೊಳವೆಬಾವಿ ಕೊರೆಯಿಸಬೇಕಿದ್ದಲ್ಲಿ 2011ರ ಕರ್ನಾಟಕ ಅಂತರ್ಜಲ ಅಧಿನಿಯಮದಡಿ ಅಧಿಸೂಚಿತ ಪ್ರದೇಶವೇ ಎಂಬುದನ್ನು ವಿಚಾರಿಸತಕ್ಕದ್ದು.

ಅರ್ಜಿಯೊಂದಿಗೆ ನೆರೆಯ ಲಾಯದ ವಿವರವುಳ್ಳ ನಿವೇಶನ ನಕ್ಷೆ, ಕೋಡಿ ಮಟ್ಟದ ಗೆರೆ ತೋರಿಸುವ ಎತ್ತರದ ನಕ್ಷೆ, ತ್ಯಾಜ್ಯನೀರಿನ ಲೆಕ್ಕಾಚಾರ ಹಾಗೂ ಲಾಯದವರೊಡನೆ ಒಡಂಬಡಿಕೆಯಾಗಿದ್ದಲ್ಲಿ ಅದರ ಪ್ರತಿಯನ್ನು ಲಗತ್ತಿಸತಕ್ಕದ್ದು. 2011ರ ಸಕಾಲ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆಗಳಿಗೆ ಸ್ವೀಕೃತಿ ಪತ್ರದಲ್ಲಿ ನಮೂದಿಸಿದ ಸಂಖ್ಯೆಯ ಮೂಲಕ ಅರ್ಜಿಯ ಹಂತವನ್ನು ತಿಳಿಯಬಹುದಾದ್ದರಿಂದ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

ಲಾಯದ ಮಾಲೀಕರು ಹಾಗೂ ಗುತ್ತಿಗೆದಾರರ ಗಮನಕ್ಕೆ

ನೆರೆಯ ಜಮೀನಿನಲ್ಲಿ ಹೋಟೆಲ್ ಬರಲಿದೆಯೆಂದು ತಿಳಿದ ಕೂಡಲೇ ಲಾಯದವರೂ ಕೆಲವು ಕ್ರಮಗಳನ್ನು ಕೈಗೊಳ್ಳುವುದು ಒಳ್ಳೆಯದು. ಲಾಯವು ಎಂದಿನಿಂದ ಇದೆ ಎಂಬುದಕ್ಕೆ ವಿದ್ಯುತ್ ಬಿಲ್ಲು, ಪಂಚಾಯಿತಿ ತೆರಿಗೆ ರಸೀದಿ, ಪಶುವೈದ್ಯರ ಚಿಕಿತ್ಸಾ ಚೀಟಿಗಳು, ಹಳೆಯ ಭಾವಚಿತ್ರಗಳನ್ನು ಒಟ್ಟುಗೂಡಿಸಿ ಇಟ್ಟುಕೊಳ್ಳತಕ್ಕದ್ದು. ಮಹಾಯೋಜನೆಯಲ್ಲಿ ಭೂ ಉಪಯೋಗ ಬದಲಾಯಿಸುವ ಪ್ರಸ್ತಾವನೆಗೆ ಆಕ್ಷೇಪಣೆ ಆಹ್ವಾನಿಸಿ ಪ್ರಕಟಣೆ ಹೊರಡಿಸಲಾಗುತ್ತದೆ. ಅದರಲ್ಲಿ ತಿಳಿಸಿದ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ‘ಹೋಟೆಲ್ ಬೇಡ’ ಎಂದಷ್ಟೇ ಬರೆದ ಆಕ್ಷೇಪಣೆಗಿಂತ, ಕುದುರೆಗಳ ಹಾದಿ ಎಲ್ಲಿದೆ, ಬಣವೆ ಎಷ್ಟು ದೂರದಲ್ಲಿದೆ, ಯಾವ ತಿಂಗಳಲ್ಲಿ ಮರಿ ಹಾಕುತ್ತವೆ ಎಂಬ ವಿವರಗಳಿರುವ ಆಕ್ಷೇಪಣೆಯನ್ನು ಪರಿಶೀಲಿಸುವುದು ಸುಲಭ. ಇದೇ ವೇಳೆ ತಮ್ಮ ಲದ್ದಿಯ ಗುಂಡಿ ಕೆರೆಯ ಅಂತರದೊಳಗೆ ಇದ್ದಲ್ಲಿ ಅದನ್ನು ತಾವಾಗಿಯೇ ಹಿಂದಕ್ಕೆ ಸರಿಸುವುದು ಸೂಕ್ತ. ಕೆರೆಯ ನಿಯಮವು ಹೋಟೆಲ್‌ಗೂ ಲಾಯಕ್ಕೂ ಒಂದೇ ಆಗಿದೆ.

ಅನುಮತಿ ದೊರೆತ ನಂತರ ಅದರ ಆದೇಶದ ಪ್ರತಿಯನ್ನು ಹಾಗೂ ಅನುಮೋದಿತ ನಕ್ಷೆಯನ್ನು ನೆರೆಯವರು ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ ಪಡೆಯಬಹುದಾಗಿದೆ. ಕಾಮಗಾರಿಯು ನಕ್ಷೆಗೆ ಅನುಗುಣವಾಗಿ ನಡೆಯುತ್ತಿಲ್ಲವೆಂದು ಕಂಡುಬಂದಲ್ಲಿ, ತಳಪಾಯದ ಹಂತದಲ್ಲಿಯೇ ಭಾವಚಿತ್ರ ಸಹಿತ ದೂರನ್ನು ಪರವಾನಗಿ ನೀಡಿದ ಕಚೇರಿಗೆ ಸಲ್ಲಿಸತಕ್ಕದ್ದು. ಛಾವಣಿ ಹಾಕಿದ ಮೇಲೆ ಬರುವ ದೂರುಗಳ ಮೇಲೆ ಕ್ರಮ ಕೈಗೊಳ್ಳಲು ಕಾಲ ಹೆಚ್ಚು ಬೇಕಾಗುತ್ತದೆ.